ಎಸಿ ಕಂಪ್ರೆಸರ್ ಎಂಗೇಜ್ ಆಗ್ತಿಲ್ಲ, ಪ್ರೆಷರ್ ಸ್ವಿಚ್ ಬದಲಿಸಿ ಅಂತಾರೆ. ಅದಕ್ಕೆ ಮುಂಚೆ ಏನೇನು ನೋಡಬೇಕು?

ಬಳ್ಳಾರಿ_ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಸಿ ಹಾಕಿದರೆ ಬರೀ ಬಿಸಿ ಗಾಳಿ ಬರ್ತಿದೆ. ಬ್ಲೋವರ್ ಚೆನ್ನಾಗಿ ತಿರುಗುತ್ತೆ, ಬಟನ್ ದೀಪವೂ ಹತ್ತುತ್ತೆ. ಮುಂಚೆ ಬಟನ್ ಒತ್ತಿದ ಕೂಡಲೇ ಬಾನೆಟ್ ಒಳಗಿಂದ ಟಕ್ ಅಂತ ಸದ್ದು ಬಂದು ಇಂಜಿನ್ ಸ್ವಲ್ಪ ಭಾರ ಆಗುತ್ತಿತ್ತು. ಈಗ ಆ ಸದ್ದೇ ಇಲ್ಲ.

ಇಲ್ಲೊಂದು ಗ್ಯಾರೇಜಿಗೆ ಹೋದೆ. ಗ್ಯಾಸಿನ ಒತ್ತಡ ಅಳೆಯೋ ಗೇಜ್ ಹಾಕಿ ನೋಡಲಿಲ್ಲ. ಬಾನೆಟ್ ಎತ್ತಿದವರೇ "ಪ್ರೆಷರ್ ಸ್ವಿಚ್ ಹೋಗಿದೆ, ಹೊಸದು ಹಾಕಿ ಗ್ಯಾಸ್ ಟಾಪ್‌ಅಪ್ ಮಾಡ್ತೀವಿ" ಅಂದರು. ಹೋದ ಬೇಸಿಗೆಯಲ್ಲೂ ಬೇರೆ ಕಡೆ ಗ್ಯಾಸ್ ಹಾಕಿಸಿದ್ದೆ. ನನ್ನ ತಮ್ಮನಿಗೆ ವೈರಿಂಗ್ ಕೆಲಸ ಗೊತ್ತು, ಮಲ್ಟಿಮೀಟರ್ ಇದೆ. ಸ್ವಿಚ್ ನಾವೇ ಬಿಚ್ಚಿ ಹಾಕಬಹುದಾ? ಈ ಬಿಸಿಲಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಬಹಳ ಕಷ್ಟ ಆಗಿದೆ.

ರಾಯಚೂರು_ಎಸಿ_ಕೆಲಸ

ಮೇಡಂ, ದಯವಿಟ್ಟು ಈಗಲೇ ಬಿಚ್ಚಬೇಡಿ. ಆ ಪೈಪಿನಲ್ಲಿ ಗ್ಯಾಸ್ ಇದ್ದರೆ ಸ್ಪ್ಯಾನರ್ ತಿರುಗಿಸಿದ ಕೂಡಲೇ ಹೊರಗೆ ಹಾರುತ್ತೆ. ಕಾರಿನ ಎಸಿಯಲ್ಲಿರೋ ಆರ್-134ಎ ಗ್ಯಾಸು ಮೈನಸ್ 26 ಡಿಗ್ರಿಗೇ ಕುದಿಯೋ ವಸ್ತು. ಕೈಗೆ, ಕಣ್ಣಿಗೆ ದ್ರವ ಬಿದ್ದರೆ ಅಲ್ಲೇ ಮಂಜುಗಟ್ಟಿ ಚರ್ಮ ಸುಡುತ್ತೆ.

ಮೊದಲು ಆ ಸ್ವಿಚ್ಚಿನ ಕೆಲಸ ಏನು ಅಂತ ಹೇಳ್ತೀನಿ. ಅದು ಕಾವಲಿಗೆ ಇರೋದು. ಗಾಡಿ ಮುಂದೆ ಬಿಸಿ ಗ್ಯಾಸ್ ತಣಿಸೋ ಕಂಡೆನ್ಸರ್‌ನಿಂದ ಬರುವ ಸಣ್ಣ ಪೈಪಿನ ಮೇಲೋ, ಗ್ಯಾಸಿನ ತೇವ ಹೀರೋ ಡ್ರೈಯರ್ ಮೇಲೋ ಕೂತಿರುತ್ತೆ. ಪೈಪಿನ ಒತ್ತಡ ಸುಮಾರು 2 ಬಾರ್‌ಗಿಂತ, ಅಂದರೆ 28–30 ಪಿಎಸ್‌ಐಗಿಂತ ಕೆಳಗೆ ಹೋದರೆ "ಗ್ಯಾಸ್ ಇಲ್ಲ" ಅಂತ ತಿಳಿದು ಕಂಪ್ರೆಸರ್‌ಗೆ ಹೋಗೋ ಕರೆಂಟ್ ಕಡಿಯುತ್ತೆ. ಒತ್ತಡ 27ರಿಂದ 32 ಬಾರ್ ತನಕ ಏರಿದರೂ ಕಡಿಯುತ್ತೆ, ಇಲ್ಲದಿದ್ದರೆ ಪೈಪು ಒಡೆಯುತ್ತೆ. ಈ ಅಂಕಿಗಳು ಗಾಡಿಯಿಂದ ಗಾಡಿಗೆ ಸ್ವಲ್ಪ ಆಚೀಚೆ ಆಗುತ್ತವೆ.

ಹಾಗಾಗಿ ಸ್ವಿಚ್ ಆಫ್ ಆಗಿದೆ ಅಂದರೆ ಕೆಟ್ಟಿದೆ ಅಂತಲ್ಲ. ನನ್ನ ಹತ್ತಿರ "ಸ್ವಿಚ್ ಹೋಗಿದೆ" ಅಂತ ಬರೋ ಗಾಡಿಗಳಲ್ಲಿ ಹೆಚ್ಚಿನವು ಗ್ಯಾಸ್ ಸೋರಿ ಖಾಲಿ ಆದವು. ಸ್ವಿಚ್ ನಿಜವನ್ನೇ ಹೇಳ್ತಿರುತ್ತೆ, ನಾವು ನಂಬೋದಿಲ್ಲ ಅಷ್ಟೇ. ಗೇಜ್ ಹಾಕದೆ ಸ್ವಿಚ್ ಹೋಗಿದೆ ಅಂತ ಯಾರಿಗೂ ಹೇಳೋಕಾಗಲ್ಲ.

ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಸ್ಟಾರ್ಟ್ ಮಾಡೋ ಮುಂಚೆ, ಯಾರ ಹತ್ತಿರವಾದರೂ ಗೇಜ್ ಹಾಕಿಸಿ. ಒತ್ತಡ ಎಷ್ಟು, ಆ ಹೊತ್ತಿನ ಹವೆ ಎಷ್ಟು ಡಿಗ್ರಿ, ಎರಡನ್ನೂ ಬರೆದುಕೊಳ್ಳಿ. ಸ್ವಿಚ್ಚಿನಲ್ಲಿ ಎಷ್ಟು ಪಿನ್ ಇವೆ ಅಂತಲೂ ನೋಡಿ ಹೇಳಿ.

ಹಳೇಗಾಡಿ_ಪ್ರೇಮಿ

ಇಷ್ಟೆಲ್ಲ ಯಾಕೆ ಮೇಡಂ? ಸ್ವಿಚ್ಚಿನ ಪ್ಲಗ್ ಕಿತ್ತು ಒಂದು ತುಂಡು ವೈರ್ ಹಾಕಿ ಎರಡು ಪಿನ್ ಸೇರಿಸಿಬಿಡಿ. ಕಂಪ್ರೆಸರ್ ಓಡುತ್ತೆ. ಬೇಸಿಗೆ ಮುಗಿಯೋ ತನಕ ಸಾಕಲ್ವಾ?

ರಾಯಚೂರು_ಎಸಿ_ಕೆಲಸ

ಅಣ್ಣಾ, ಈ ಸಲಹೆ ಕೊಡಬೇಡಿ. ಕಂಪ್ರೆಸರ್ ಒಳಗಿನ ಆಯಿಲ್ ಒಂದೇ ಕಡೆ ನಿಂತಿರಲ್ಲ. ಗ್ಯಾಸಿನ ಜೊತೆ ಸೇರಿ ಇಡೀ ಪೈಪು ಸುತ್ತಿ ವಾಪಸ್ ಬರುತ್ತೆ. ಗ್ಯಾಸ್ ಇಲ್ಲ ಅಂದರೆ ಆಯಿಲ್ ವಾಪಸ್ ಬರಲ್ಲ. ಆಗ ಒಣಗಿದ ಕಂಪ್ರೆಸರ್ ಓಡಿಸಿದರೆ ಪಿಸ್ಟನ್ ಕೆರೆದು ಜಾಮ್ ಆಗುತ್ತೆ. ಅಷ್ಟಕ್ಕೇ ಮುಗಿಯಲ್ಲ. ಕೆರೆದ ಲೋಹದ ಪುಡಿ ಕಂಡೆನ್ಸರ್‌ಗೆ, ಎಕ್ಸ್‌ಪ್ಯಾನ್ಷನ್ ವಾಲ್ವ್‌ಗೆ ಹೋಗಿ ಕೂರುತ್ತೆ. ಸ್ವಿಚ್ಚಿನ ಖರ್ಚು ಉಳಿಸೋಕೆ ಹೋಗಿ ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್ ಎಲ್ಲದಕ್ಕೂ ದುಡ್ಡು ಹಾಕಬೇಕಾಗುತ್ತೆ.

ನಾವೂ ವೈರ್ ಹಾಕಿ ನೋಡ್ತೀವಿ, ಇಲ್ಲ ಅನ್ನಲ್ಲ. ಆದರೆ ಗೇಜ್ ಹಾಕಿ ಗ್ಯಾಸ್ ಇದೆ ಅಂತ ಖಾತ್ರಿ ಮಾಡಿಕೊಂಡು, ಎರಡು ಪಿನ್ ಸ್ವಿಚ್ ಆದರೆ ಮಾತ್ರ, ಕಂಪ್ರೆಸರ್‌ನ ಕ್ಲಚ್ ಎಳೆಯುತ್ತಾ ಅಂತ ಕೆಲವು ಸೆಕೆಂಡ್ ನೋಡಿ ತೆಗೆದುಬಿಡ್ತೀವಿ. ಹಾಗೇ ಬಿಟ್ಟು ಗಾಡಿ ಕೊಡಲ್ಲ.

ಸರ್ಕಿಟ್_ಮೈಸೂರು

ಇದಕ್ಕೆ ಒಂದು ಮಾತು ಸೇರಿಸ್ತೀನಿ. ಹೊಸ ಗಾಡಿಗಳಲ್ಲಿ ಸ್ವಿಚ್ ಇರಲ್ಲ, ಸೆನ್ಸರ್ ಇರುತ್ತೆ. ಮೂರು ಪಿನ್ ಇದ್ದರೆ ಸಾಮಾನ್ಯವಾಗಿ ಒಂದಕ್ಕೆ ಇಸಿಯುನಿಂದ (ಇಂಜಿನ್ ಕಂಪ್ಯೂಟರ್) 5 ವೋಲ್ಟ್, ಒಂದು ಅರ್ತ್, ಇನ್ನೊಂದು ಸಿಗ್ನಲ್. ಒತ್ತಡ ಏರಿದ ಹಾಗೆ ಸಿಗ್ನಲ್ ಸುಮಾರು 0.5 ವೋಲ್ಟ್‌ನಿಂದ 4.5 ವೋಲ್ಟ್ ಕಡೆಗೆ ಏರುತ್ತೆ. ಇದರಲ್ಲಿ ವೈರ್ ಹಾಕಿ ಶಾರ್ಟ್ ಮಾಡಲೇಬೇಡಿ. ಆ 5 ವೋಲ್ಟ್ ಲೈನನ್ನು ಎಷ್ಟೋ ಗಾಡಿಗಳಲ್ಲಿ ಬೇರೆ ಸೆನ್ಸರ್‌ಗಳೂ ಹಂಚಿಕೊಂಡಿರುತ್ತವೆ. ಅದು ಅರ್ತ್ ಆದರೆ ಇಂಜಿನ್ನೇ ನಿಂತುಹೋಗಬಹುದು.

ಮೂರು ಪಿನ್ ಸೆನ್ಸರ್ ಪರೀಕ್ಷೆ ಮಾಡೋದು ಸುಲಭ. ಇಸಿಯು ಓದೋ ಸ್ಕ್ಯಾನರ್ ಹಾಕಿ ಎಸಿ ಪ್ರೆಷರ್ ಎಷ್ಟು ತೋರಿಸುತ್ತೆ ನೋಡಿ, ಗೇಜ್ ಏನು ಹೇಳುತ್ತೆ ನೋಡಿ. ಗೇಜ್ 90 ಪಿಎಸ್‌ಐ ತೋರಿಸಿ ಸ್ಕ್ಯಾನರ್ ಸೊನ್ನೆ ತೋರಿಸಿದರೆ ಸೆನ್ಸರ್ ಇಲ್ಲವೇ ವೈರ್ ಕೆಟ್ಟಿದೆ. ಎರಡೂ ಒಂದೇ ಹೇಳಿದರೆ ಸೆನ್ಸರ್ ಮುಟ್ಟಬೇಡಿ.

ಕರಾವಳಿ_ಸವಾರ

ನಮ್ಮ ಉಡುಪಿ ಕಡೆ ಸ್ವಿಚ್ಚಿಗಿಂತ ಪ್ಲಗ್ಗೇ ಮೊದಲು ಹಾಳಾಗೋದು. ಬಂಪರ್ ಹಿಂದೆ, ಕಂಡೆನ್ಸರ್ ಪಕ್ಕ ಇರುತ್ತೆ ಅಲ್ವಾ, ಮಳೆನೀರು, ಉಪ್ಪುಗಾಳಿ ಎಲ್ಲ ಅದಕ್ಕೇ. ನನ್ನ ಗಾಡಿಯಲ್ಲಿ ಪ್ಲಗ್ ತೆಗೆದು ನೋಡಿದರೆ ಪಿನ್ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತಗಿನ ಬ್ರಷ್‌ನಿಂದ ಉಜ್ಜಿ, ಸಡಿಲ ಆಗಿದ್ದ ಪಿನ್ ಸ್ವಲ್ಪ ಬಿಗಿ ಮಾಡಿದ ಮೇಲೆ ಎಸಿ ಸರಿಹೋಯ್ತು. ಹೊಸ ಸ್ವಿಚ್ ಬೇಕಾಗಲೇ ಇಲ್ಲ. ಮೇಡಂ, ಪ್ಲಗ್ ತೆಗೆಯೋದರಿಂದ ಗ್ಯಾಸ್ ಹೋಗಲ್ಲ, ಅಷ್ಟನ್ನು ನೀವೇ ಧೈರ್ಯವಾಗಿ ಮಾಡಬಹುದು.

ಸಿಲ್ಕ್‌ಬೋರ್ಡ್_ದಿನಚರಿ

ಇದೇ ಥ್ರೆಡ್‌ನಲ್ಲಿ ನನ್ನದೂ ಕೇಳಬಹುದಾ? ಹೈವೇಲಿ ಎಸಿ ಬಹಳ ಚೆನ್ನಾಗಿದೆ. ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಬಿಸಿ ಗಾಳಿ. ಮತ್ತೆ ಗಾಡಿ ಓಡಿದರೆ ತಣ್ಣಗೆ. ನನಗೂ ಪ್ರೆಷರ್ ಸ್ವಿಚ್ ಅಂದಿದ್ದಾರೆ.

ರಾಯಚೂರು_ಎಸಿ_ಕೆಲಸ

ಸರ್, ಮೊದಲು ಫ್ಯಾನ್ ನೋಡಿ. ಎಸಿ ಹಾಕಿ ಗಾಡಿ ನಿಲ್ಲಿಸಿಕೊಂಡು ಬಾನೆಟ್ ಎತ್ತಿ. ಕಂಡೆನ್ಸರ್ ಫ್ಯಾನ್ ಓಡ್ತಿಲ್ಲ ಅಥವಾ ನಿಧಾನ ಓಡ್ತಿದೆ ಅಂದರೆ ಅಲ್ಲೇ ಇದೆ ಸಮಸ್ಯೆ. ಓಡುವಾಗ ಎದುರುಗಾಳಿ ಕಂಡೆನ್ಸರ್ ತಣಿಸುತ್ತೆ, ನಿಂತರೆ ಫ್ಯಾನೇ ಗತಿ. ಫ್ಯಾನ್ ಇಲ್ಲದಿದ್ದರೆ ಒತ್ತಡ ಏರಿ ಸ್ವಿಚ್ ಕಡಿಯುತ್ತೆ, ಅದು ತನ್ನ ಕೆಲಸ ಸರಿಯಾಗೇ ಮಾಡ್ತಿದೆ. ಫ್ಯಾನ್ ಮೋಟಾರಿನ ಕಾರ್ಬನ್, ರಿಲೇ, ರೆಸಿಸ್ಟರ್ ನೋಡಿಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು ಕಟ್ಟಿದೆಯಾ ಅಂತಲೂ ನೋಡಿ. ಗ್ಯಾಸ್ ಜಾಸ್ತಿ ಹಾಕಿದ್ದರೂ ಹೀಗೇ ಆಗುತ್ತೆ.

ಬಳ್ಳಾರಿ_ಟೀಚರ್

ಎಲ್ಲರಿಗೂ ಧನ್ಯವಾದ. ಪರಿಚಯದ ಮನೆ-ಎಸಿ ರಿಪೇರಿಯವರನ್ನು ಕೇಳಿಕೊಂಡೆ. ಕಾರಿನ ಸರ್ವಿಸ್ ಪೋರ್ಟಿಗೆ ಬೇರೆ ಕಪ್ಲರ್ ಬೇಕಂತೆ, ಅದನ್ನೂ ಹೊಂದಿಸಿಕೊಂಡು ಬೆಳಿಗ್ಗೆ ಬಂದು ಗೇಜ್ ಹಾಕಿದರು. ಹವೆ 28 ಡಿಗ್ರಿ, ಗೇಜ್ 90 ಪಿಎಸ್‌ಐ ಹತ್ತಿರ. ಲೋ, ಹೈ ಎರಡೂ ಪೈಪಿನಲ್ಲಿ ಒಂದೇ. ಸ್ವಿಚ್ಚಿನಲ್ಲಿ ನಾಲ್ಕು ಪಿನ್ ಇವೆ. ತಮ್ಮ ಮಲ್ಟಿಮೀಟರ್‌ನಲ್ಲಿ ಎರಡು ಪಿನ್ ಮಧ್ಯೆ ನೋಡಿದ, ಬೀಪ್ ಬರಲಿಲ್ಲ. ಎಸಿ ಫ್ಯೂಸ್ ಸರಿಯಿದೆ, ರಿಲೇ ಅದಲುಬದಲು ಮಾಡಿದರೂ ಹಾಗೇ ಇದೆ.

ರಾಯಚೂರು_ಎಸಿ_ಕೆಲಸ

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. 28 ಡಿಗ್ರಿಗೆ ನಿಂತ ಗಾಡಿಯಲ್ಲಿ ಆರ್-134ಎ 90 ಪಿಎಸ್‌ಐ ಆಸುಪಾಸಿನಲ್ಲೇ ನಿಲ್ಲುತ್ತೆ. 35 ಡಿಗ್ರಿ ಆದರೆ 114ರ ಹತ್ತಿರ ಹೋಗುತ್ತೆ. ಅಂದರೆ ಒಳಗೆ ಗ್ಯಾಸ್ ಇದೆ. ಎಷ್ಟಿದೆ ಅಂತ ಮಾತ್ರ ಇದರಿಂದ ಗೊತ್ತಾಗಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಗೇಜ್ ಅಷ್ಟೇ ತೋರಿಸುತ್ತೆ, ಮನೆಯ ಸಿಲಿಂಡರ್ ಮುಗಿಯೋ ತನಕ ಒಲೆ ಒಂದೇ ಸಮ ಉರಿಯೋ ಥರ.

ಈಗ ನಾಲ್ಕು ಪಿನ್ ವಿಷಯ. ಎರಡು ಪಿನ್ ಕಂಪ್ರೆಸರ್‌ಗೆ, ಇನ್ನೆರಡು ಫ್ಯಾನಿಗೆ. ಫ್ಯಾನಿನ ಜೋಡಿ ಒತ್ತಡ ಸುಮಾರು 15 ಬಾರ್ ಮುಟ್ಟಿದ ಮೇಲೆ ಸೇರೋದು, ನಿಂತ ಗಾಡಿಯಲ್ಲಿ ಅದು ಓಪನ್ನೇ ಇರಬೇಕು. ನಿಮ್ಮ ತಮ್ಮ ನೋಡಿದ್ದು ಯಾವ ಜೋಡಿ? ವೈರ್ ಬಣ್ಣ ನೋಡಿ ಗುರುತು ಹಿಡಿಯಬೇಕು, ಇಲ್ಲ ಅಂದರೆ ಎಲ್ಲ ಜೋಡಿಯನ್ನೂ ನೋಡಿಬಿಡಲಿ. 90 ಪಿಎಸ್‌ಐ ಇರುವಾಗ ಒಂದು ಜೋಡಿ ಸೇರಿರಲೇಬೇಕು. ಯಾವುದೂ ಸೇರಿಲ್ಲ ಅಂದರೆ ಸ್ವಿಚ್ ಹೋಗಿದೆ.

ಇನ್ನೊಂದು, ಪ್ಲಗ್ ತೆಗೆದಾಗ ಒಳಗೆ ಎಣ್ಣೆ ಪಸೆ ಇದೆಯಾ ನೋಡಿ.

ಬಳ್ಳಾರಿ_ಟೀಚರ್

ಎಲ್ಲ ಜೋಡಿ ನೋಡಿದ. ಯಾವುದೂ ಸೇರಿಲ್ಲ. ಎಣ್ಣೆ ವಿಷಯ ನೀವು ಹೇಗೆ ಊಹಿಸಿದಿರಿ ಅಂತ ಇಬ್ಬರಿಗೂ ಆಶ್ಚರ್ಯ. ಪ್ಲಗ್ಗಿನ ಒಳಗೆ ಟಿಶ್ಯೂ ಪೇಪರ್ ತೂರಿಸಿ ತೆಗೆದೆವು. ತಿಳಿಹಳದಿ ಬಣ್ಣದ ಎಣ್ಣೆ, ಪಿನ್ನುಗಳ ಬುಡದಲ್ಲಿ ಒದ್ದೆ. ಪ್ಲಗ್ಗಿನ ರಬ್ಬರ್ ಸೀಲ್ ಕೂಡ ಉಬ್ಬಿದೆ. ಸ್ವಿಚ್ಚಿನ ಹೊರಮೈ ಸುತ್ತ ಧೂಳು ಅಂಟಿ ಕಪ್ಪಗಾಗಿದೆ, ಪೈಪಿನ ಬೇರೆ ಕಡೆ ಹಾಗಿಲ್ಲ.

ರಾಯಚೂರು_ಎಸಿ_ಕೆಲಸ

ಅಲ್ಲೇ ಸಿಕ್ಕಿತು ನೋಡಿ. ಸ್ವಿಚ್ ಒಳಗೆ ಒಂದು ತೆಳು ತಗಡಿನ ಪರದೆ ಇರುತ್ತೆ. ಗ್ಯಾಸಿನ ಒತ್ತಡಕ್ಕೆ ಅದು ಬಾಗಿ ಮೇಲಿನ ಕಾಂಟ್ಯಾಕ್ಟ್ ಸೇರಿಸುತ್ತೆ. ಆ ಪರದೆಯ ಅಂಚೋ ಸೀಲೋ ಬಿಟ್ಟುಕೊಂಡರೆ ಗ್ಯಾಸು ಪಿನ್ನುಗಳ ಸಂದಿಯಿಂದ ಮೆಲ್ಲಗೆ ಹೊರಗೆ ಹೋಗುತ್ತೆ, ಆಯಿಲ್ ಅಲ್ಲೇ ಉಳಿಯುತ್ತೆ. ಹೋದ ವರ್ಷ ನೀವು ಹಾಕಿಸಿದ ಗ್ಯಾಸು ಬಹುಶಃ ಇದೇ ದಾರಿಯಲ್ಲಿ ಹೋಗ್ತಾ ಇದೆ. ಆಗ ಗ್ಯಾಸ್ ಯಾಕೆ ಕಡಿಮೆ ಆಯ್ತು ಅಂತ ಹುಡುಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಗ್ಯಾಸು ಪೆಟ್ರೋಲ್ ಥರ ಉರಿದು ಖರ್ಚಾಗೋ ವಸ್ತು ಅಲ್ಲ. ಒಂದೇ ವರ್ಷಕ್ಕೆ ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿಕೆ ಇದೆ.

ನಿಮ್ಮ ಗ್ಯಾರೇಜಿನವರು ಸ್ವಿಚ್ ಅಂದಿದ್ದು ಸರಿಯೇ ಆಯ್ತು. ಆದರೆ "ಟಾಪ್‌ಅಪ್" ಬೇಡ ಅನ್ನಿ.

ಸ್ವಿಚ್ಚಿನ ಕೆಳಗೆ ಪೈಪಿನಲ್ಲಿ ಪಿನ್ ವಾಲ್ವ್ ಇದೆಯಾ ಅಂತ ಆ ಗಾಡಿಯ ಸರ್ವಿಸ್ ಪುಸ್ತಕ ನೋಡಿ ತಿಳಿದುಕೊಳ್ಳಬೇಕು. ಕೆಲವು ಗಾಡಿಗಳಲ್ಲಿ ಟೈರಿನ ವಾಲ್ವ್ ಥರ ಒಂದು ಪಿನ್ ಇರುತ್ತೆ, ಸ್ವಿಚ್ ಬಿಚ್ಚಿದರೂ ಗ್ಯಾಸ್ ನಿಲ್ಲುತ್ತೆ. ಎಷ್ಟೋ ಗಾಡಿಗಳಲ್ಲಿ ಇರಲ್ಲ. ಹೊರಗಿನಿಂದ ನೋಡಿ ಹೇಳೋಕಾಗಲ್ಲ, "ಇರಬಹುದು" ಅಂತ ಬಿಚ್ಚೋದು ಅಪಾಯ. ನಿಮಗಂತೂ ಒಳಗೆ ಎಷ್ಟು ಗ್ಯಾಸ್ ಉಳಿದಿದೆ ಅಂತಲೇ ಗೊತ್ತಿಲ್ಲ, ಆದ್ದರಿಂದ ಪಿನ್ ಇದ್ದರೂ ಪೂರ್ತಿ ತೆಗೆದು ತೂಕ ಹಾಕಿ ತುಂಬಿಸೋದೇ ಸರಿ.

ಮೆಷಿನ್ ಇರೋ ಕಡೆ ಹೋಗಿ. ಮೊದಲು ಹಳೇ ಗ್ಯಾಸನ್ನು ಮೆಷಿನ್ ಒಳಗೆ ಎಳೆದುಕೊಳ್ಳುತ್ತಾರೆ, ಎಷ್ಟು ಗ್ರಾಂ ಬಂತು ಅಂತ ಪರದೆಯಲ್ಲಿ ತೋರಿಸುತ್ತೆ, ಬರೆದುಕೊಳ್ಳಿ. ಆಮೇಲೆ ಬಿಚ್ಚೋದು. ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು: ಒಂದು ಪೈಪಿನ ಮೇಲಿನ ದಪ್ಪ ಬುಡ ಹಿಡಿದುಕೊಳ್ಳಲು, ಇನ್ನೊಂದು ಸ್ವಿಚ್ ತಿರುಗಿಸಲು. ಪೈಪು ಅಲ್ಯುಮಿನಿಯಂ. ಒಂದೇ ಸ್ಪ್ಯಾನರ್‌ನಲ್ಲಿ ಜೋರು ಹಾಕಿದರೆ ಪೈಪೇ ತಿರುಚಿಕೊಂಡು ಬಿರುಕು ಬಿಡುತ್ತೆ. ಹೊಸ ಓ-ರಿಂಗನ್ನೇ (ರಬ್ಬರ್ ಬಳೆ) ಹಾಕಿಸಿ, ಹಳೆಯದು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಆರ್-134ಎಗೆ ಅಂತಲೇ ಬರುವ ರಿಂಗ್ ಇದೆ, ಸಾಮಾನ್ಯವಾಗಿ ಹಸಿರು ಬಣ್ಣದ್ದು. ಸ್ವಲ್ಪ ಎಸಿ ಆಯಿಲ್ ಸವರಿ ಕೈಯಲ್ಲೇ ಕೊನೆ ತನಕ ತಿರುಗಿಸಿ, ಆಮೇಲೆ ಮೆತ್ತಗೆ ಬಿಗಿ ಮಾಡಬೇಕು. ಹೆಚ್ಚಿನ ಗಾಡಿಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಥ್ರೆಡ್ಡಿಗೆ ಟೇಪು, ಅಂಟು ಏನೂ ಬೇಡ. ಗ್ಯಾಸ್ ತಡೆಯೋದು ಓ-ರಿಂಗ್.

ಆಸ್ಟಿನ್_ಕನ್ನಡಿಗ

ನಾನು ಟೆಕ್ಸಸ್‌ನಲ್ಲಿದ್ದೇನೆ. ಇಲ್ಲಿ ಗ್ಯಾರೇಜ್ ಕೂಲಿ ಬಹಳ ದುಬಾರಿ, ಅದಕ್ಕೆ ತುಂಬಾ ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಗೇಜು, ವ್ಯಾಕ್ಯೂಮ್ ಪಂಪು ಬಿಡಿಭಾಗದ ಅಂಗಡಿಯಲ್ಲೇ ಎರವಲು ಸಿಗುತ್ತವೆ, ಠೇವಣಿ ಇಟ್ಟು ವಾಪಸ್ ಕೊಟ್ಟರೆ ದುಡ್ಡು ಮರಳುತ್ತೆ. ಆದರೂ ಗ್ಯಾಸನ್ನು ಗಾಳಿಗೆ ಬಿಡೋದು ಇಲ್ಲಿ ಕಾನೂನಿಗೆ ವಿರುದ್ಧ. ನಾನು ಗ್ಯಾಸ್ ತೆಗೆಸೋದಕ್ಕೆ ಮಾತ್ರ ಅಂಗಡಿಗೆ ಹೋಗಿ, ಸ್ವಿಚ್ ಮನೆಯಲ್ಲಿ ಬದಲಿಸಿದೆ.

ಒಂದು ಎಚ್ಚರಿಕೆ. ಹೊಸ ಗಾಡಿಗಳಲ್ಲಿ ಆರ್-1234ವೈಎಫ್ ಅನ್ನೋ ಬೇರೆ ಗ್ಯಾಸ್ ಇರುತ್ತೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಆರ್-134ಎ ಹಾಕುವಂತಿಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿ, ಯಾವ ಗ್ಯಾಸ್, ಎಷ್ಟು ಗ್ರಾಂ ಎರಡೂ ಅದರಲ್ಲಿರುತ್ತೆ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿ ಆದರೆ ಆಯಿಲ್ ಕೂಡ ಬೇರೆ. ಅವುಗಳ ಕಂಪ್ರೆಸರ್ ಹೈ ವೋಲ್ಟೇಜಿನಲ್ಲಿ ಓಡುತ್ತೆ. ಸಾಮಾನ್ಯ ಕಾರಿನ ಎಸಿಗೆ ಹಾಕೋ ಪಿಎಜಿ ಆಯಿಲ್ ಅದರಲ್ಲಿ ಬೆರೆತರೆ ಕರೆಂಟ್ ಸೋರುತ್ತೆ. ಅಂಥ ಗಾಡಿಯನ್ನು ಮನೆಯಲ್ಲಿ ಮುಟ್ಟಬೇಡಿ.

ಹಸಿರು_ಹಾಸನ

ಗಾಳಿಗೆ ಬಿಡೋ ಮಾತು ಬಂದಿದ್ದಕ್ಕೆ ಬರೀತಿದ್ದೇನೆ. ನಮ್ಮಲ್ಲಿ ಎಷ್ಟೋ ಕಡೆ ಪಿನ್ ಒತ್ತಿ ಸುಯ್ ಅಂತ ಬಿಟ್ಟುಬಿಡ್ತಾರೆ. ಆರ್-134ಎ ಓಝೋನ್ ಪದರಕ್ಕೆ ತೊಂದರೆ ಮಾಡಲ್ಲ, ನಿಜ. ಆದರೆ ಭೂಮಿ ಬಿಸಿಯಾಗಿಸೋದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಜೋರು. ಒಂದು ಸಣ್ಣ ಕಾರಿನ 400 ಗ್ರಾಂ ಬಿಟ್ಟರೆ ಅರ್ಧ ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟ ಲೆಕ್ಕ. ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡೋ 2016ರ ಕಿಗಾಲಿ ಒಪ್ಪಂದವನ್ನು ನಮ್ಮ ದೇಶ 2021ರಲ್ಲಿ ಒಪ್ಪಿಕೊಂಡಿದೆ. ಮೆಷಿನ್‌ನಲ್ಲಿ ಎಳೆದುಕೊಂಡ ಗ್ಯಾಸನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು. ಗ್ಯಾರೇಜಿನಲ್ಲಿ ಈ ಪ್ರಶ್ನೆ ಕೇಳೋ ಗಿರಾಕಿ ಜಾಸ್ತಿ ಆದರೆ ಅವರೂ ಮೆಷಿನ್ ತರ್ತಾರೆ.

ಬಿಡಿಭಾಗ_ಬೆಂಗಳೂರು

ಸ್ವಿಚ್ ಕೊಳ್ಳುವಾಗ ನೋಡಿ ತಗೊಳ್ಳಿ. ಜೆ.ಸಿ. ರಸ್ತೆಯಲ್ಲಿ ಒಂದೇ ಥರ ಕಾಣುವ ಸ್ವಿಚ್ ಹತ್ತಾರು ಸಿಗುತ್ತವೆ. ಪ್ಲಗ್ ಕೂತ ಮಾತ್ರಕ್ಕೆ ಅದು ನಿಮ್ಮ ಗಾಡಿಯದ್ದಲ್ಲ. ಥ್ರೆಡ್ಡಿನ ಅಳತೆ, ಅದು ಗಂಡೋ ಹೆಣ್ಣೋ (ಹೊರಗಿದೆಯೋ ಒಳಗಿದೆಯೋ), ಪಿನ್ ವಾಲ್ವ್ ಒತ್ತೋ ಕಡ್ಡಿ ಒಳಗಿದೆಯಾ, ಎಷ್ಟು ಒತ್ತಡಕ್ಕೆ ಕಡಿಯುತ್ತೆ, ಎಲ್ಲ ಹೊಂದಬೇಕು. ಹಳೇ ಸ್ವಿಚ್ಚಿನ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗೋದು ಒಳ್ಳೆಯದು. ಕಡಿಯೋ ಒತ್ತಡ ತಪ್ಪಿದ್ದರೆ ಕಾವಲೇ ಇಲ್ಲದ ಹಾಗಾಗುತ್ತೆ. ಅಗ್ಗದ ಗ್ಯಾಸ್ ಕ್ಯಾನ್ ವಿಷಯದಲ್ಲೂ ಹುಷಾರು, ಬೆಂಕಿ ಹತ್ತೋ ಗ್ಯಾಸ್ ಬೆರೆಸಿದ್ದು ಇರುತ್ತೆ.

ಬಳ್ಳಾರಿ_ಟೀಚರ್

ಕೆಲಸ ಮುಗೀತು! ಮೆಷಿನ್ ಇರುವ ಇನ್ನೊಂದು ಗ್ಯಾರೇಜಿಗೆ ಹೋಗಿದ್ದೆ. ಸ್ಟಿಕ್ಕರ್‌ನಲ್ಲಿ 400 ಗ್ರಾಂ ಅಂತಿದೆ, ಹೊರಗೆ ಬಂದದ್ದು 210 ಗ್ರಾಂ. ಅರ್ಧ ಸೋರಿ ಹೋಗಿತ್ತು, ಆದರೂ ಗೇಜ್ 90 ತೋರಿಸಿತ್ತು. ನೀವು ಹೇಳಿದ್ದು ಕಣ್ಣಾರೆ ನೋಡಿದ ಹಾಗಾಯ್ತು.

ಹುಡುಗ ಎರಡು ಸ್ಪ್ಯಾನರ್ ಹಿಡಿದೇ ಬಿಚ್ಚಿದ. ನಮ್ಮ ಗಾಡಿಯಲ್ಲಿ ಕೆಳಗೆ ಪಿನ್ ವಾಲ್ವ್ ಇರಲಿಲ್ಲ, ನೇರ ತೂತು. ಮನೆಯಲ್ಲಿ ಬಿಚ್ಚಿದ್ದರೆ ಏನಾಗುತ್ತಿತ್ತೋ ಅಂತ ತಮ್ಮ ಮುಖ ಮುಖ ನೋಡಿದ. ಹೊಸ ಸ್ವಿಚ್, ಹಸಿರು ಓ-ರಿಂಗ್ ಹಾಕಿದರು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ಎಲ್ಲ ಜಾಯಿಂಟ್ ನೋಡಿದರು, ಬೇರೆಲ್ಲೂ ಗುಳ್ಳೆ ಬರಲಿಲ್ಲ. ಉಬ್ಬಿದ್ದ ಪ್ಲಗ್ ಸೀಲನ್ನೂ ಬದಲಿಸಿದರು. ಆಮೇಲೆ ಪಂಪ್‌ನಿಂದ ಒಳಗಿನ ಗಾಳಿ ಎಳೆದು ಅರ್ಧ ಗಂಟೆ ವ್ಯಾಕ್ಯೂಮ್, ತೂಕ ಹಾಕಿ 400 ಗ್ರಾಂ. ಹೊರಗೆ 38 ಡಿಗ್ರಿ, ವೆಂಟ್‌ನಲ್ಲಿ 9 ಡಿಗ್ರಿ ಬಂತು. ಲೋ ಕಡೆ 35, ಹೈ ಕಡೆ 235 ಪಿಎಸ್‌ಐ.

ಒಂದೇ ಅನುಮಾನ. ವ್ಯಾಕ್ಯೂಮ್ ಮಾಡುವಾಗ ಮುಳ್ಳು 28 ಇಂಚಿಗೇ (ಪಾದರಸದ ಲೆಕ್ಕದಲ್ಲಿ) ನಿಂತಿತು. ವಿಡಿಯೋಗಳಲ್ಲಿ 29ರ ಮೇಲೆ ಹೋಗಬೇಕು ಅಂತಾರೆ. ಪಂಪ್ ಸರಿ ಇರಲಿಲ್ವಾ?

ಸರ್ಕಿಟ್_ಮೈಸೂರು

ಪಂಪ್ ಸರಿಯಾಗೇ ಇದೆ ಮೇಡಂ. 29.9 ಇಂಚು ಅನ್ನೋದು ಸಮುದ್ರಮಟ್ಟದ ಲೆಕ್ಕ. ಗೇಜ್ ಸುತ್ತಲಿನ ಗಾಳಿಯ ಒತ್ತಡಕ್ಕೆ ಹೋಲಿಸಿ ತೋರಿಸೋದು. ಬಳ್ಳಾರಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 500 ಮೀಟರ್ ಮೇಲಿದೆ, ಅಲ್ಲಿ 28ರ ಆಸುಪಾಸೇ ಪೂರ್ತಿ ವ್ಯಾಕ್ಯೂಮ್. ಬೆಂಗಳೂರು 900 ಮೀಟರ್ ಮೇಲೆ, ಅಲ್ಲಿ 27ರ ಹತ್ತಿರ ನಿಲ್ಲುತ್ತೆ. ಉಡುಪಿಯವರಿಗೆ ಮಾತ್ರ 29 ದಾಟಿ ಹೋಗುತ್ತೆ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಹಿಂದೆ ಬಂತಾ?

ಬಳ್ಳಾರಿ_ಟೀಚರ್

ಇಲ್ಲ ಸರ್, ಹತ್ತು ನಿಮಿಷ ಬಿಟ್ಟು ನೋಡಿದರು, ಕದಲಲಿಲ್ಲ.

ರಾಯಚೂರು_ಎಸಿ_ಕೆಲಸ

ಹಾಗಾದರೆ ಚಿಂತೆ ಬೇಡ. ಎರಡೂ ಸರ್ವಿಸ್ ಪೋರ್ಟಿನ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದಾರಾ ನೋಡಿಕೊಳ್ಳಿ. ಅದು ಬರೀ ಧೂಳಿಗಲ್ಲ, ಗ್ಯಾಸ್ ತಡೆಯೋಕೂ ಬೇಕು. ಒಂದು ತಿಂಗಳು ಬಿಟ್ಟು ಹೊಸ ಸ್ವಿಚ್ಚಿನ ಬುಡ ಒಂದು ಸಲ ಒರೆಸಿ ನೋಡಿ, ಬಟ್ಟೆ ಒಣಗಿದ್ದರೆ ಆಯ್ತು.